ಹಳ್ಳದ ದಾರಿಯ ಕಾವಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ನನ್ನ ಹೆಂಡತಿ ಅಂಬಿಕಾ ಸಿಕ್ಕವರಿಗೆಲ್ಲ ಹೇಳುತ್ತಾಳೆ. ಹೇಳಲಿ, ಸುಳ್ಳೇನಲ್ಲ. ಆದರೆ ಆ ದಿನ ನರಸಿಂಹರಾಜಪುರದ ಬಸ್ ಸ್ಟ್ಯಾಂಡ್ ಹತ್ತಿರ ಜೀಪು ನಿಲ್ಲಿಸಿ ನಿಶ್ಚಿತಾಳ ಕಂಪ್ಯೂಟರ್ ಅಂಗಡಿಗೆ ನುಗ್ಗುವಾಗ ನನ್ನೊಳಗೆ ಇದ್ದದ್ದು ಕೋಪವಲ್ಲ, ಹೆದರಿಕೆ. ಹೆದರಿದಾಗ ನನ್ನ ದನಿ ತಾನಾಗಿ ಏರುತ್ತದೆ, ಅಷ್ಟೇ.

"ಆನೆ ದಾಟಿ ಹೋದ ಮೇಲೆ ಫೋನ್ ಮಾಡ್ತದಲ್ಲ ಮೇಡಂ ನಿಮ್ಮ ಮಿಷನ್ನು, ಅದು ಎಂತಕ್ಕೆ? ಆನೆ ಹೋಯ್ತು ಅಂತ ಹೇಳಕ್ಕೆ ಲದ್ದಿ ಸಾಕು ನಮಗೆ!"

ಅಂಗಡಿಯಲ್ಲಿ ಅರ್ಜಿ ಹಾಕಿಸಲು ಕೂತಿದ್ದವರೆಲ್ಲ ತಿರುಗಿ ನೋಡಿದರು. ನಿಶ್ಚಿತಾ ಮಾತ್ರ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಪ್ರಿಂಟ್ ಮುಗಿಸಿ, ಕೊಟ್ಟು, ಆಮೇಲೆ ಹೇಳಿದಳು. "ಕೂತ್ಕೊಳ್ಳಿ ಯೋಗೇಂದ್ರಣ್ಣ. ಚಾ ಕುಡೀತೀರಾ, ಇಲ್ಲ ಜಗಳವೇ ಆಗ್ಬೇಕಾ?"

"ಎರಡೂ ಆಗ್ಲಿ" ಎಂದು ಕೂತೆ.

ನಾನು ಜೀಪು ಓಡಿಸುವವನು. ದಿನಾ ಬೆಳಕು ಹರಿಯುವ ಹೊತ್ತಿಗೆ ಮುತ್ತಿನಕೊಪ್ಪದ ಕಡೆಯಿಂದ ಕೂಲಿಗೆ ಹೋಗುವ ಹೆಂಗಸರನ್ನು ತುಂಬಿಕೊಂಡು ಶೆಟ್ಟಿಕೊಪ್ಪದ ಆಚೆಯ ಕಾಫಿ ತೋಟಕ್ಕೆ ಬಿಡುತ್ತೇನೆ. ಅಂಬಿಕಾಳೂ ಆ ಗುಂಪಿನಲ್ಲೇ ಒಬ್ಬಳು. ಜೀಪು ಹೋಗುವುದು ಮೋರಿಯವರೆಗೆ ಮಾತ್ರ. ಅಲ್ಲಿಂದ ಕಾಲುದಾರಿ ಹಳ್ಳಕ್ಕೆ ಇಳಿದು, ಬಿದಿರು ಮೆಳೆಗಳ ನಡುವೆ ನುಸುಳಿ, ಆಚೆ ದಿಬ್ಬ ಹತ್ತಿ ತೋಟ ಸೇರುತ್ತದೆ. ಹಳ್ಳದಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಮೋರಿಯ ಹತ್ತಿರ ಇದೆ, ದಿಬ್ಬದ ಮೇಲೆ ಇದೆ, ನಡುವೆ ಏನೂ ಇಲ್ಲ. ಆನೆಗಳಿಗೂ ಆ ನಡುವಿನ ಜಾಗವೇ ಇಷ್ಟವಾದದ್ದು ನಮ್ಮ ಗ್ರಹಚಾರ.

ಆನೆ ಓಡಾಟ ಹೆಚ್ಚಾದ ಮೇಲೆ ಸುತ್ತಲಿನ ಬೆಳೆಗಾರರು ಸೇರಿ ಹಳ್ಳದ ದಾರಿಯ ಮರಗಳಿಗೆ ಕ್ಯಾಮೆರಾ ಕಟ್ಟಿಸಿದರು. ಏನಾದರೂ ಅಲುಗಾಡಿದರೆ ಕ್ಯಾಮೆರಾ ಫೋಟೊ ತೆಗೆದು, ಫೋನಿನ ಸಿಗ್ನಲ್ ಬೇಡದ ತನ್ನದೇ ರೇಡಿಯೊದಲ್ಲಿ, ನಿಶ್ಚಿತಾಳ ದೊಡ್ಡಮ್ಮ ಸುಲೋಚನಮ್ಮನವರ ಮನೆಯ ಕಂಪ್ಯೂಟರಿಗೆ ಕಳಿಸುತ್ತದೆ. ಅದು ಒಂದೊಂದೇ ಫೋಟೊ ನೋಡಿ, ಇದು ನಾಯಿ, ಇದು ದನ, ಇದು ಬರೀ ಎಲೆ ಎಂದು ಬದಿಗಿಡುತ್ತದೆ. ಆನೆ ಕಂಡರೆ ಮಾತ್ರ ನಮ್ಮೆಲ್ಲರ ಫೋನಿಗೆ ಒಟ್ಟಿಗೆ ಕರೆ ಹೋಗುತ್ತದೆ. ಕರೆಯಲ್ಲಿ ಕೇಳುವುದು ಸುಲೋಚನಮ್ಮನವರದೇ ದನಿ. "ಆನೆ ಬಂದಿದೆ ಮಾರಾಯ್ರೆ, ಹಳ್ಳಕ್ಕೆ ಇಳೀಬೇಡಿ!" ಮೊದಲು ನಿಶ್ಚಿತಾ ತನ್ನ ದನಿಯಲ್ಲೇ ಮೆತ್ತಗೆ ಹೇಳಿ ಹಾಕಿದ್ದಳು. ಯಾರೂ ಲೆಕ್ಕಕ್ಕೆ ಇಡಲಿಲ್ಲ. ಅವಳ ದೊಡ್ಡಮ್ಮನ ಗದರಿಕೆ ಹಾಕಿದ ಮೇಲೆ ಎಲ್ಲರೂ ನಿಂತಲ್ಲೇ ನಿಲ್ಲತೊಡಗಿದರು.

ಹೀಗಾಗಿ ನಮ್ಮಲ್ಲಿ ಒಂದು ಕ್ರಮ ಬೆಳೆದಿತ್ತು. ಹೆಂಗಸರು ಮೋರಿಯ ಹತ್ತಿರ ಇಳಿದು, ಸೆರಗಿನಿಂದ ಫೋನ್ ತೆಗೆದು, ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಾಯುತ್ತಿದ್ದರು. ಫೋನ್ ಬರದಿದ್ದರೆ ದಾರಿ ಖಾಲಿ ಎಂದು ಅರ್ಥ. ಮಳೆಗಾಲ ಹಿಡಿಯುವ ತನಕ ಅದು ಒಂದು ದಿನವೂ ತಪ್ಪಲಿಲ್ಲ. ಮಳೆ ಹಿಡಿದ ಮೇಲೆ ಬೆಳಗಿನ ಕರೆಗಳು ತಡವಾಗತೊಡಗಿದವು. ಮೋಡಕ್ಕೆ ಹೀಗಾಗುತ್ತದೆ ಎಂದು ಎಲ್ಲರೂ ಮಳೆಗೇ ಬೈದೆವು. ಮಳೆ ನಿಂತಿತು. ಗದ್ದೆಯಲ್ಲಿ ತೆನೆ ಬಂತು. ಕರೆ ಮಾತ್ರ ತಡವಾಗಿಯೇ ಬರುತ್ತಿತ್ತು. ನಾನು ಅಂಗಡಿಗೆ ಹೋದದ್ದರ ಹಿಂದಿನ ದಿನ ಹೆಂಗಸರೆಲ್ಲ ತೋಟ ಸೇರಿ ಕತ್ತಿ ಹಿಡಿದ ಮೇಲೆ ಫೋನುಗಳು ಬಡಿದುಕೊಂಡಿದ್ದವು. ಸಂಜೆ ಅದೇ ದಾರಿಯಲ್ಲಿ ಬರುವಾಗ ಗುಂಪಿನ ಹಿರಿಯಳಾದ ಸೀತಕ್ಕ ನೆಲ ನೋಡಿ ನಿಂತುಬಿಟ್ಟಳಂತೆ. ಬೆಳಿಗ್ಗೆ ಅವರೇ ತುಳಿದು ಹೋಗಿದ್ದ ಹೆಜ್ಜೆಯ ಮೇಲೆ ಅಗಲವಾದ ದುಂಡು ಹೆಜ್ಜೆಗಳು ಕೂತಿದ್ದವು.

ಅದಕ್ಕೇ ನಾನು ಅಂಗಡಿಗೆ ನುಗ್ಗಿದ್ದು.

ನಿಶ್ಚಿತಾ ಚಾ ಲೋಟ ನನ್ನ ಮುಂದಿಟ್ಟು ಕಂಪ್ಯೂಟರಿನ ಮುಖವನ್ನು ನನ್ನ ಕಡೆ ತಿರುಗಿಸಿದಳು. ಪರದೆ ಪೂರ್ತಿ ಕಪ್ಪಾಗಿತ್ತು. ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಣುಕುತ್ತಿತ್ತು.

"ಇದೂ ಕೆಟ್ಟಿದ್ಯಾ?" ಎಂದೆ.

"ಕೆಟ್ಟಿಲ್ಲ. ಇದು ದೊಡ್ಡಮ್ಮನ ಮನೆ ಮಿಷನ್. ನಾನು ಇಲ್ಲಿ ಕೂತೇ ಅದರ ಒಳಗೆ ಹೋಗಿದೀನಿ. ಚಿತ್ರ ಗಿತ್ರ ಎಂತದೂ ಇಲ್ಲ, ಬರೀ ಮಾತು. ನಾವು ಒಂದು ಸಾಲು ಬರೆದು ಕೇಳ್ಬೇಕು, ಅದು ಹೇಳ್ತದೆ."

ಅವಳು 'ಟಾಪ್' ಎಂದು ಇಂಗ್ಲಿಷಿನ ಮೂರು ಅಕ್ಷರ ಒತ್ತಿದಳು. ಕಪ್ಪು ಪರದೆಯ ತುಂಬ ಬಿಳಿ ಸಾಲುಗಳು ತುಂಬಿಕೊಂಡವು. ಹೆಸರುಗಳು, ಮುಂದೆ ಅಂಕಿಗಳು. ನೋಡುತ್ತಿದ್ದ ಹಾಗೆ ಅಂಕಿಗಳು ತಾವೇ ಬದಲಾದವು. ಕೆಳಗಿದ್ದ ಸಾಲು ಮೇಲಕ್ಕೆ ಬಂತು, ಮೇಲಿದ್ದದ್ದು ಇಳಿಯಿತು. ಯಾರೂ ಮುಟ್ಟಿರಲಿಲ್ಲ. ನಿಶ್ಚಿತಾಳ ಎರಡೂ ಕೈ ಮಡಿಲಲ್ಲಿದ್ದವು. ನನ್ನ ಚಾ ಲೋಟ ಬಾಯಿಯ ಹತ್ತಿರವೇ ನಿಂತಿತು. ಶೆಟ್ಟಿಕೊಪ್ಪದ ಮನೆಯೊಂದರಲ್ಲಿ ಕೂತ ಪೆಟ್ಟಿಗೆ ಈ ಗಳಿಗೆಯಲ್ಲಿ ಏನು ಮಾಡುತ್ತಿದೆ, ಯಾವ ಕೆಲಸಕ್ಕೆ ಎಷ್ಟು ಬಲ ಹಾಕುತ್ತಿದೆ ಎಂಬುದು ನರಸಿಂಹರಾಜಪುರದಲ್ಲಿ ಕೂತ ನನ್ನ ಕಣ್ಣಮುಂದೆ ನಡೆಯುತ್ತಿತ್ತು. ಜೀಪಿನ ಬಾನೆಟ್ ಎತ್ತಿ ಓಡುತ್ತಿರುವ ಎಂಜಿನ್ ನೋಡಿದವನು ನಾನು. ಆದರೆ ಬಾನೆಟ್ ಇಲ್ಲಿ, ಎಂಜಿನ್ ಅಲ್ಲೆಲ್ಲೋ ಎಂಬುದನ್ನು ಕಂಡಿರಲಿಲ್ಲ.

"ಮದುವೆ ಮನೆ ಅಡುಗೆ ನೆನಪು ಮಾಡ್ಕೊಳ್ಳಿ" ಎಂದಳು ನಿಶ್ಚಿತಾ. "ಒಲೆ ಮುಂದೆ ನಿಂತು ಅಡುಗೆ ಮಾಡೋದು ಪ್ರೊಸೆಸರ್. ಉಗ್ರಾಣದಿಂದ ಸಾಮಾನು ತಂದು ಕೊಡೋದು, ಮಾಡಿದ್ದನ್ನ ಒಳಗಿಡೋದು ಡಿಸ್ಕ್. ಊಟ ತಡ ಆಯ್ತು ಅಂದ್ರೆ ಎರಡರಲ್ಲಿ ಒಂದು. ಅಡುಗೆಯವರಿಗೆ ಕೈ ಸಾಲ್ತಿಲ್ಲ, ಇಲ್ಲ ಉಗ್ರಾಣದವ ಸಾಮಾನು ತರ್ತಾ ಇಲ್ಲ."

"ಸರಿ. ಇದರಲ್ಲಿ ಯಾರು ಕಳ್ಳ?"

"ನೋಡಿ, ಅಡುಗೆಯವರು ಈಗ ಆರಾಮಾಗಿ ಕೂತಿದಾರೆ. ನೂರಕ್ಕೆ ತೊಂಬತ್ತು ಪಾಲು ಖಾಲಿ." ಅವಳು ಇನ್ನೊಂದು ಸಾಲು ಬರೆದಳು. ಈ ಸಲ ಬಂದದ್ದು ಡಿಸ್ಕಿನ ಅಂಕಿಗಳು. ಸೆಕೆಂಡಿಗೆ ಎಷ್ಟು ಓದಿತು, ಎಷ್ಟು ಬರೆಯಿತು, ಎಷ್ಟು ಹೊತ್ತು ಕಾಯಿಸಿತು. "ಉಗ್ರಾಣವೂ ಸರಿ ಇದೆ. ಜಾಗ ಬೇಕಾದಷ್ಟಿದೆ, ಕಾಯಿಸ್ತಾನೂ ಇಲ್ಲ."

"ಅದರ ವೇಗ ಎಷ್ಟು?" ಎಂದೆ. ಡ್ರೈವರ್ ಆದವನಿಗೆ ಇನ್ನೇನು ಕೇಳಲು ಬರುತ್ತದೆ?

ಅವಳು ಮತ್ತೊಂದು ಸಾಲು ಬರೆದಳು. ಮೂರು ಸಾವಿರ ಮೆಗಾಹರ್ಟ್ಸ್‌ಗೆ ಸ್ವಲ್ಪ ಮೇಲೆ ಎಂದು ಉತ್ತರ ಬಂತು. "ಅಂದ್ರೆ ಸೆಕೆಂಡಿಗೆ ಮುನ್ನೂರು ಕೋಟಿ ಸಲ ಅದರ ನಾಡಿ ಹೊಡ್ಕೊಳ್ತದೆ."

ನಾನು ನಗಲಿಲ್ಲ. ಮುನ್ನೂರು ಕೋಟಿ. ಒಂದು ರೆಪ್ಪೆ ಮುಚ್ಚಿ ತೆರೆಯುವುದರೊಳಗೆ. ನಮ್ಮ ತಾಲೂಕಿನ ಜನರನ್ನೆಲ್ಲ ನಿಲ್ಲಿಸಿ ಒಬ್ಬೊಬ್ಬರಿಗೂ ಸಾವಿರಾರು ಸಲ ನಮಸ್ಕಾರ ಹೇಳಿದರೂ ಮುಗಿಯದ ಲೆಕ್ಕ ಅದು. ಅಂಥ ಒಂದು ಜೀವ ನಮ್ಮ ಸುಲೋಚನಮ್ಮನವರ ಮನೆಯಲ್ಲಿ ಕೂತು ನಮ್ಮ ಹೆಂಗಸರು ನಡೆಯುವ ದಾರಿಯ ಎಲೆ ಎಲೆಯನ್ನೂ ನೋಡುತ್ತಿದೆ ಎಂದುಕೊಂಡಾಗ ಮೈ ಜುಮ್ಮೆಂದಿತು. ಆದರೆ ಹೆದರಿಕೆ ಹೋಗಲಿಲ್ಲ.

"ಇಷ್ಟೆಲ್ಲ ಇದ್ದೂ ತಡ ಎಂತಕ್ಕೆ ಮತ್ತೆ?"

ನಿಶ್ಚಿತಾ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. "ಅದೇ ತಲೆ ತಿಂತಾ ಇರೋದು. ನಾನು ನೋಡೋದು ಅಂಗಡಿ ಬಾಗಿಲು ತೆಗೆದ ಮೇಲೆ. ಆಗ ಇದು ಯಾವಾಗ್ಲೂ ಹೀಗೇ ಹಾಯಾಗಿ ಇರ್ತದೆ. ಅದು ಒದ್ದಾಡೋದು ಬೆಳಗಿನ ಜಾವ. ಒದ್ದಾಡುವಾಗ್ಲೇ ನಾಡಿ ಹಿಡೀಬೇಕು. ನಾಳೆ ನಾನು ಇಲ್ಲಿಂದ ನೋಡ್ತೀನಿ, ನೀವು ದೊಡ್ಡಮ್ಮನ ಮನೇಲಿ ಇರಿ. ಎಂತಾದ್ರೂ ಎಳೀಬೇಕು, ಒತ್ತಬೇಕು ಅಂದ್ರೆ ಅಲ್ಲಿ ಒಂದು ಕೈ ಬೇಕು."

ಆ ಸಂಜೆ ಅಂಬಿಕಾಳಿಗೆ ನಾಳೆ ಒಂದು ದಿನ ಕೆಲಸಕ್ಕೆ ಹೋಗಬೇಡ ಎಂದೆ. ಅವಳು ಕತ್ತಿ ಮಸೆಯುವುದನ್ನು ನಿಲ್ಲಿಸದೆ ಕೇಳಿದಳು. "ನಾನೊಬ್ಳು ಮನೇಲಿ ಕೂತ್ರೆ ಸೀತಕ್ಕನ್ನ ಆನೆ ಏನೂ ಮಾಡಲ್ವಾ?"

"ಎಲ್ರೂ ಹೋಗ್ಬೇಡಿ."

"ಎಷ್ಟು ದಿನ? ನೀವು ಮಿಷನ್ ನೋಡಿ, ನಾವು ದಾರಿ ನೋಡ್ಕೊಳ್ತೀವಿ." ಅಲ್ಲಿಗೆ ಅವಳ ಮಟ್ಟಿಗೆ ಮಾತು ಮುಗಿಯಿತು. ಕೋಪ ನನ್ನದು, ಹಟ ಅವಳದು. ಮನೆ ನಡೆಯುವುದು ಹಟದಿಂದ.

ಮರುದಿನ ಮೋರಿಯ ಹತ್ತಿರ ಜೀಪು ನಿಲ್ಲಿಸಿದಾಗ ಮಂಜು ಹಳ್ಳದ ತುಂಬ ಹಾಲಿನಂತೆ ನಿಂತಿತ್ತು. ಹೆಂಗಸರು ಇಳಿದರು. ಫೋನ್ ತೆಗೆದು ನೋಡಿದರು, ಕಾದರು. ಒಂದು ಫೋನೂ ಸದ್ದು ಮಾಡಲಿಲ್ಲ. "ಇವತ್ತು ಇಲ್ಲ ಬಿಡು ಮಾರಾಯ್ತಿ" ಎಂದು ಸೀತಕ್ಕ ಮುಂದೆ ಹೊರಟಳು. ಸದ್ದು ಕೇಳಿದರೆ ಆನೆ ಸರಿದು ನಿಲ್ಲುತ್ತದೆ, ಹಳ್ಳ ದಾಟುವ ತನಕ ಬಾಯಿ ಮುಚ್ಚಬಾರದು ಎಂಬುದು ಅವರು ಮಾಡಿಕೊಂಡ ಕಟ್ಟಳೆ. ಯಾರದೋ ಸೊಸೆಯ ಸುದ್ದಿಯನ್ನು ಜೋರಾಗಿ ಎತ್ತಿಕೊಂಡು ಇಳಿದರು. ಕೊನೆಯಲ್ಲಿ ಅಂಬಿಕಾ. ತಿರುಗಿ ನೋಡಿ, ಹೋಗು ಎನ್ನುವಂತೆ ಕೈ ಮಾಡಿದಳು. ಮಂಜು ಅವಳನ್ನು ಸೊಂಟದಿಂದ ಕೆಳಗೆ ನುಂಗಿತು, ಆಮೇಲೆ ಪೂರ್ತಿ.

ಸುಲೋಚನಮ್ಮನವರ ಮನೆ ಅಲ್ಲಿಂದ ದೂರವಿಲ್ಲ. ಅಂಗಳಕ್ಕೆ ಜೀಪು ಹೊಕ್ಕಾಗ ಅವರು ಕೈಯಲ್ಲಿ ಊದುಗೊಳವೆ ಹಿಡಿದು ಬಚ್ಚಲ ಕಡೆಯಿಂದ ಬರುತ್ತಿದ್ದರು. ಬಚ್ಚಲಿನ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು.

"ಬಾ ಯೋಗೇಂದ್ರ. ಹಂಡೆ ನೀರು ಕಾದಿದೆ, ಮುಖ ತೊಳ್ಕೊ. ದೋಸೆ ಹಾಕ್ತೀನಿ."

ಉತ್ತರ ಕೊಡುವ ಮೊದಲೇ ನಿಶ್ಚಿತಾಳ ಫೋನ್ ಬಂತು. ಜಗಲಿಯ ಮೇಲೆ ಕೂತು ಕಿವಿಗೆ ಹಿಡಿದೆ.

"ಯೋಗೇಂದ್ರಣ್ಣ, ಒದ್ದಾಟ ಶುರುವಾಗಿದೆ. ನಿನ್ನೆ ಕೂತಿದ್ರಲ್ಲ ಅಡುಗೆಯವರು, ಇವತ್ತು ಒಂದು ಗಳಿಗೆ ಬಿಡುವಿಲ್ಲ. ಪೂರ್ತಿ ನೂರಕ್ಕೆ ನೂರು. ಆದ್ರೂ ಫೋಟೊಗಳ ಸಾಲು ಬೆಳೀತಾನೇ ಇದೆ. ಒಂದು ನೋಡಿ ಮುಗಿಸೋದ್ರೊಳಗೆ ಹಿಂದೆ ಮೂರು ಬಂದು ನಿಲ್ತವೆ."

"ಡಿಸ್ಕು?"

"ಅದೇ ನೋಡ್ತಾ ಇದೀನಿ. ಡಿಸ್ಕು ಸುಮ್ನೆ ಕೂತಿದೆ. ಸಾಮಾನೆಲ್ಲ ಕೈಗೆ ಸಿಕ್ಕೋ ಹಾಗೇ ಇದೆ."

ನನಗೆ ಒಂದು ವಿಷಯ ತಡವಾಗಿ ಹೊಳೆಯಿತು. "ಮೇಡಂ, ಆ ಸಾಲಲ್ಲಿ ನಿಂತಿರೋ ಫೋಟೊಗಳಲ್ಲಿ ಎಂತ ಇದೆ?"

"ಅದು ನೋಡೋ ತನಕ ಗೊತ್ತಿಲ್ಲ."

ಅಂದರೆ ಮೋರಿಯ ಹತ್ತಿರ ನಾವು ಕೇಳಿಸಿಕೊಂಡ ಆ ಮೌನಕ್ಕೆ ಅರ್ಥವೇ ಇರಲಿಲ್ಲ. ದಾರಿ ಖಾಲಿ ಎಂದು ಮಿಷನ್ ಹೇಳಿರಲಿಲ್ಲ. ಅದು ಇನ್ನೂ ನೋಡಿಯೇ ಇರಲಿಲ್ಲ. ನಾನೇ ಜೀಪಿನಲ್ಲಿ ತಂದು ಇಳಿಸಿದ್ದೆ. ನಿಶ್ಚಿತಾಳ ಕರೆ ನಿಲ್ಲಿಸಿ ಅಂಬಿಕಾಳಿಗೆ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಆ ಹೆಣ್ಣುದನಿ ಸಾವಧಾನವಾಗಿ ಹೇಳಿತು. ಸೀತಕ್ಕನಿಗೆ ಮಾಡಿದೆ. ಅದೇ ಉತ್ತರ. ಜೀಪಿನ ಕಡೆ ಓಡಿದೆ. ಕೀ ಹಾಕುವಷ್ಟರಲ್ಲಿ ನಿಶ್ಚಿತಾಳ ಫೋನ್ ಮತ್ತೆ ಬಂತು.

"ಸಿಕ್ತು! ಯೋಗೇಂದ್ರಣ್ಣ, ಸಿಕ್ತು. ನಿನ್ನೆ ಮೂರು ಸಾವಿರ ಇತ್ತಲ್ಲ ವೇಗ? ಈಗ ಎಂಟುನೂರು. ಅಡುಗೆಯವರು ಕೈ ನಿಲ್ಲಿಸಿಲ್ಲ, ಆದ್ರೆ ಕೈಯೇ ನಿಧಾನ ಆಗಿದೆ. ಇರಿ, ಎಂತಕ್ಕೆ ಅಂತ ಕೇಳ್ತೀನಿ." ಅವಳ ಬೆರಳುಗಳ ಟಪಟಪ ಸದ್ದು ಕೇಳಿಸಿತು. ಮತ್ತೆ ಬಂದ ದನಿ ಬೇರೆಯೇ ಇತ್ತು. "ತೊಂಬತ್ತೇಳು ಡಿಗ್ರಿ. ಅಲ್ಲಿ ಎಂತಾದ್ರೂ ಹೊತ್ತಿ ಉರೀತಾ ಇದ್ಯಾ?"

"ಇಲ್ಲಿ ಎಂತದೂ ಉರೀತಿಲ್ಲ."

"ಮತ್ತೆ ಇಷ್ಟು ಕಾದದ್ದು ಹೇಗೆ? ಕುದಿಯೋ ನೀರಿನಷ್ಟು ಬಿಸಿ ಆಗಿದೆ. ಅದಕ್ಕೇ ನಿಧಾನ ಮಾಡ್ಕೊಂಡಿದೆ."

"ಯಾರು ಹೇಳಿದ್ದು ಅದಕ್ಕೆ ನಿಧಾನ ಮಾಡು ಅಂತ?"

"ಯಾರೂ ಹೇಳ್ಬೇಕಾಗಿಲ್ಲ. ಹೀಗೇ ಓಡಿದ್ರೆ ಸುಟ್ಟು ಹೋಗ್ತೀನಿ ಅಂತ ಅದಕ್ಕೆ ತಿಳೀತದೆ. ತಾನೇ ಉಸಿರು ಹಿಡೀತದೆ. ಆದ್ರೂ ನೋಡೋದು ಬಿಟ್ಟಿಲ್ಲ, ಒಂದೊಂದೇ ನೋಡ್ತಾ ಇದೆ. ಬೇಗ ಹೋಗಿ, ಮಿಷನ್ ಹತ್ತಿರ ಹೋಗಿ."

ಜೀಪಿನ ಎಂಜಿನ್ ಕಾದರೆ ಹೊಗೆ ಬಿಟ್ಟು ನಡುದಾರಿಯಲ್ಲಿ ನಿಲ್ಲುತ್ತದೆ. ನಾನು ಕಾದರೆ ಎದುರಿಗಿದ್ದವರ ಮೇಲೆ ಹಾರಾಡುತ್ತೇನೆ. ಇದು ಮಾತ್ರ ಕುದಿಯುವ ಬಿಸಿಯಲ್ಲಿ ಕೂತು, ಸಾಯದೆ, ನಿಲ್ಲದೆ, ಹೆಜ್ಜೆ ಸಣ್ಣ ಮಾಡಿಕೊಂಡು ನಡೆಯುತ್ತಲೇ ಇತ್ತು. ಅಷ್ಟು ಗಾಬರಿಯಲ್ಲೂ ಅದರ ಮೇಲೆ ನನಗೆ ಒಂದು ಬಗೆಯ ಗೌರವ ಬಂತು.

ಒಳಗೆ ಓಡಿದೆ. ನಡುಮನೆಯ ಕಿಟಕಿ ಪಕ್ಕದ ಮೇಜಿನ ಮೇಲೆ ಮೊದಲಿದ್ದ ಮಿಷನ್ ಇಲ್ಲ. ಅಲ್ಲಿ ಹೂವಿನ ಬುಟ್ಟಿ ಇತ್ತು.

"ಸುಲೋಚನಮ್ಮ! ಮಿಷನ್ ಎಲ್ಲಿ?"

"ಎಂತಕ್ಕೆ ಹಾಗೆ ಕೂಗ್ತೀಯ ಮಾರಾಯ? ಅದನ್ನ ಒಳ್ಳೆ ಜಾಗದಲ್ಲಿ ಇಟ್ಟಿದೀನಿ" ಎಂದರು ಅವರು ದೋಸೆ ಸಟ್ಟುಗ ಹಿಡಿದೇ. "ಆಷಾಢದಲ್ಲಿ ಇಲ್ಲಿ ಗೋಡೆಗೇ ಬೂಸ್ಟು ಬಂತು. ಪಂಚಾಂಗಕ್ಕೆ ಬೂಸ್ಟು, ಇವರ ಬೆಲ್ಟಿಗೆ ಬೂಸ್ಟು. ಈ ಮಿಷನ್ನಿಗೂ ಹಿಡಿದ್ರೆ ಆ ಹೆಣ್ಣುಮಕ್ಕಳ ಗತಿ ಎಂತ? ಬಾ ತೋರಿಸ್ತೀನಿ."

ಬಚ್ಚಲೊಲೆಯ ಗೋಡೆಯ ಹಿಂದೆ ಒಂದು ಸಣ್ಣ ಕೋಣೆ. ಮಲೆನಾಡಿನ ಯಾವ ಮನೆಗೆ ಹೋದರೂ ಅಂಥದೊಂದು ಮೂಲೆ ಇರುತ್ತದೆ. ಮಳೆಗಾಲದಲ್ಲಿ ಕೆಡಬಾರದ್ದೆಲ್ಲ ಅಲ್ಲಿಗೇ ಹೋಗುತ್ತದೆ. ಬಿತ್ತನೆ ಬೀಜ, ಹಪ್ಪಳ, ಬೆಂಕಿಪೊಟ್ಟಣ, ಚರ್ಮದ ಚಪ್ಪಲಿ. ಒಲೆಗೆ ಅಂಟಿದ ಗೋಡೆಯಲ್ಲಿ ಮರದ ಬಾಗಿಲಿನ ಗೂಡು. ಸುಲೋಚನಮ್ಮ ಬಾಗಿಲು ತೆರೆದರು. ಹಪ್ಪಳದ ಡಬ್ಬಿಯನ್ನು ಬದಿಗೆ ಸರಿಸಿ ಮಾಡಿದ ಜಾಗದಲ್ಲಿ, ಮಡಿ ಪಂಚೆ ಹೊದಿಸಿಕೊಂಡು, ಹೊಟ್ಟೆಯಲ್ಲಿ ಸಣ್ಣದಾಗಿ ಗುಂಯ್ ಎನ್ನುತ್ತ ಅದು ಕೂತಿತ್ತು. ಇಡೀ ಮನೆಯ ಅತಿ ಬೆಚ್ಚಗಿನ ಜಾಗವನ್ನು ಅದಕ್ಕೆ ಕೊಟ್ಟಿದ್ದರು. ಆಚೆ ಬದಿಯಲ್ಲಿ ಕೊಳ್ಳಿಗಳು ಧಗಧಗ ಉರಿಯುತ್ತಿದ್ದವು. ಪೇಟೆಯಲ್ಲಿ ಅಂಗಡಿ ತೆರೆಯುವ ಹೊತ್ತಿಗೆ ಒಲೆ ಆರಿ ಗೋಡೆ ತಣಿಯುತ್ತಿತ್ತು. ನಿಶ್ಚಿತಾ ನೋಡುತ್ತಿದ್ದದ್ದು ಆ ಹೊತ್ತಿನಲ್ಲಿ.

ನನ್ನ ಬಾಯಿಗೆ ಬಂದ ಮಾತು ಆ ಮನೆಯಲ್ಲಿ ಆಡುವಂಥದ್ದಾಗಿರಲಿಲ್ಲ. ಆದರೆ ಆ ತಾಯಿ ಇಸ್ತ್ರಿ ಮಾಡಿದ ಪಂಚೆ ಹೊದಿಸಿದ್ದನ್ನು ಕಂಡು ಅದನ್ನು ನುಂಗಿಕೊಂಡೆ.

"ಬಚ್ಚಲೊಲೆ ಹಿಂದೆ ಇದೆ ಮೇಡಂ" ಎಂದೆ ಫೋನಿನಲ್ಲಿ.

"ಅಯ್ಯೋ ದೊಡ್ಡಮ್ಮ!" ಎಂದು ನಿಶ್ಚಿತಾ ಕೂಗಿದ್ದು ಸುಲೋಚನಮ್ಮನಿಗೂ ಕೇಳಿಸಿತು. "ವೈರ್ ಕೀಳ್ಬೇಡಿ ಯೋಗೇಂದ್ರಣ್ಣ. ಆಫ್ ಮಾಡ್ಬೇಡಿ. ಹಾಗೇ ಎತ್ಕೊಂಡು ಗಾಳಿಗೆ ತನ್ನಿ."

ಪಂಚೆ ಕಿತ್ತೆಸೆದು ಎರಡೂ ಕೈಯಲ್ಲಿ ಎತ್ತಿದೆ. ಅಂಗೈ ಚುರುಗುಟ್ಟಿತು. ಸುಲೋಚನಮ್ಮ ಅದಕ್ಕೆ ಕರೆಂಟು ಕೊಡುವ ಬ್ಯಾಟರಿ ಪೆಟ್ಟಿಗೆ ಎತ್ತಿಕೊಂಡು, ವೈರನ್ನು ಸೀರೆಯ ನೆರಿಗೆಯಂತೆ ಗುಡ್ಡೆ ಮಾಡಿ ಹಿಡಿದು ನನ್ನ ಹಿಂದೆ ಬಂದರು. ಅಂಗಳದ ತುಳಸಿ ಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಇಟ್ಟೆವು. ಕಲ್ಲು ಮಂಜಿಗೆ ಒದ್ದೆಯಾಗಿತ್ತು, ಒಂದು ಮಣೆ ಇಟ್ಟು ಅದರ ಮೇಲೆ ಕೂರಿಸಿದರು ಸುಲೋಚನಮ್ಮ. ಆಮೇಲೆ ಮೊರ ತಂದು ಗಾಳಿ ಹಾಕತೊಡಗಿದರು.

ಫೋನಿನಲ್ಲಿ ನಿಶ್ಚಿತಾ ಓದುತ್ತಿದ್ದಳು. "ತೊಂಬತ್ತು. ಎಂಬತ್ತನಾಲ್ಕು. ವೇಗ ಸಾವಿರದ ಇನ್ನೂರು. ಹಾಕಿ ದೊಡ್ಡಮ್ಮ, ಹಾಕಿ. ಎಪ್ಪತ್ತು. ಎರಡು ಸಾವಿರ. ಸಾಲು ಕರಗ್ತಾ ಇದೆ. ಮೂರು ಸಾವಿರ! ಈಗ ನೋಡಿ, ನೀರು ಹರಿದ ಹಾಗೆ ಹೋಗ್ತಾ ಇದೆ."

ನನ್ನೆದುರು ಇದ್ದದ್ದು ಒಂದು ಕಪ್ಪು ಪೆಟ್ಟಿಗೆ, ಅದರ ಹಸಿರು ದೀಪ. ಕಾಣುವಂಥದ್ದು ಬೇರೆ ಏನೂ ಇಲ್ಲ. ಆದರೆ ಅದರೊಳಗೆ ಬೆಳಗಿನಿಂದ ಕಾದು ನಿಂತಿದ್ದ ಹಳ್ಳದ ಒಂದೊಂದು ಗಳಿಗೆಯೂ ಎದ್ದು ಮುಂದೆ ನಡೆಯುತ್ತಿತ್ತು. ಅದರಲ್ಲಿ ಯಾವ ಗಳಿಗೆಯಲ್ಲಿ ಅಂಬಿಕಾ ಇದ್ದಾಳೋ. ನಾನು ದೇವರಿಗೆ ಕೈ ಮುಗಿಯುವವನಲ್ಲ. ಆವತ್ತು ಆ ಹಸಿರು ದೀಪಕ್ಕೆ ಮುಗಿದೆ.

ನಿಶ್ಚಿತಾ ಓದುವುದನ್ನು ನಿಲ್ಲಿಸಿದಳು.

ಅದೇ ಹೊತ್ತಿಗೆ ನನ್ನ ಫೋನಿನಲ್ಲಿ ಇನ್ನೊಂದು ಕರೆ ಬಡಿಯತೊಡಗಿತು. ಸುಲೋಚನಮ್ಮನ ಫೋನ್ ಒಳಗೆ ಅಡುಗೆಮನೆಯಲ್ಲಿ ಬಡಿದುಕೊಂಡಿತು. ತಮ್ಮದೇ ದನಿಯ ಕರೆ ಅವರಿಗೂ ಬರುತ್ತದೆ. ಮೊರ ಅವರ ಕೈಯಲ್ಲೇ ನಿಂತಿತು.

"ಮೇಡಂ? ಮೇಡಂ, ಮಾತಾಡಿ!"

"ಯೋಗೇಂದ್ರಣ್ಣ" ಎಂದಳು ಅವಳು. "ಫೋಟೊ ಕಳಿಸಿದೀನಿ. ಕೂತ್ಕೊಂಡು ನೋಡಿ. ಆದ್ರೆ ಕೊನೆ ತನಕ ನೋಡಿ."

ಅಂಗಳದ ನೆಲದ ಮೇಲೆ ಕೂತು ತೆರೆದೆ.

ಮರದ ಮೇಲಿನಿಂದ ತೆಗೆದದ್ದು. ಬೂದಿ ಬೆಳಕು, ಮಂಜು, ನಡುವೆ ದಾರಿ. ಬಿದಿರು ಮೆಳೆಯಿಂದ ಹೊರಬಂದ ಹೆಣ್ಣಾನೆ ಒಂದು ಮುಂಗಾಲನ್ನು ದಾರಿಯ ಮೇಲೆ ಇಟ್ಟಿತ್ತು. ಹಿಂದೆ ಅದರ ಹೊಟ್ಟೆಗೆ ಅಂಟಿಕೊಂಡು ಮರಿ.

ಎರಡನೆಯದು. ಆನೆ ಕಾಲು ಹಿಂದಕ್ಕೆ ತೆಗೆದುಕೊಂಡಿತ್ತು. ಕಿವಿ ಅಗಲಿಸಿ ತಲೆಯನ್ನು ಮೋರಿಯ ಕಡೆ ತಿರುಗಿಸಿತ್ತು. ಜೋರಾಗಿ ಮಾತನಾಡುತ್ತ ಬರುವವರ ದನಿ ಅದಕ್ಕೆ ಕೇಳಿಸಿರಬೇಕು.

ಮೂರನೆಯದನ್ನು ತೆರೆಯುವಾಗ ಸುಲೋಚನಮ್ಮನೂ ನನ್ನ ಭುಜದ ಮೇಲಿಂದ ಬಗ್ಗಿದರು. ದಾರಿಯ ಮೇಲೆ ಹೆಂಗಸರು, ಒಬ್ಬರ ಹಿಂದೆ ಒಬ್ಬರು. ಮುಂದೆ ಸೀತಕ್ಕ, ಬಾಯಿ ತೆರೆದಿದೆ, ಕೈ ಗಾಳಿಯಲ್ಲಿ. ಸುದ್ದಿ ಹೇಳುತ್ತಿದ್ದಾಳೆ. ಕೊನೆಯಲ್ಲಿ ಅಂಬಿಕಾ, ನಗುತ್ತಿದ್ದಾಳೆ. ಅವಳ ಎಡಗೈ ಬದಿಗೆ ಒಂದು ಮೆಳೆ ಬಿದಿರು, ಅದರ ಹಿಂದೆ ಆನೆ. ಕೈ ಚಾಚಿದರೆ ಸಿಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಅದು ಸೊಂಡಿಲು ಚಾಚಿದ್ದರೆ ಸಿಗುತ್ತಿತ್ತು. ಸೊಂಡಿಲು ಚಾಚಿರಲಿಲ್ಲ. ಅದನ್ನು ಹಿಂದಕ್ಕೆ ಮಡಚಿ ಮರಿಯ ಬೆನ್ನ ಮೇಲೆ ಇಟ್ಟುಕೊಂಡಿತ್ತು, ಅಲುಗಬೇಡ ಎನ್ನುವ ಹಾಗೆ. ಅಷ್ಟು ದೊಡ್ಡ ಮೈ ಒಂದು ಎಲೆಯನ್ನೂ ಅಲುಗಿಸದೆ ನಿಂತಿತ್ತು.

ನಾಲ್ಕನೆಯದರಲ್ಲಿ ದಾರಿ ಖಾಲಿ. ಆನೆ ಹಾಗೆಯೇ ನಿಂತಿದೆ. ಐದನೆಯದರಲ್ಲಿಯೂ ಹಾಗೆಯೇ. ಹೆಂಗಸರು ಹೋದ ಮೇಲೂ ಅದು ಕಾದಿತ್ತು. ಆರನೆಯದರಲ್ಲಿ ತಾಯಿ, ಮರಿ ಎರಡೂ ದಾರಿ ದಾಟುತ್ತಿದ್ದವು.

ಆಗ ಅಂಬಿಕಾಳ ಕರೆ ಬಂತು. ದಿಬ್ಬದ ಮೇಲೆ ಸಿಗ್ನಲ್ ಸಿಕ್ಕಿತ್ತು.

"ಈಗ ಬಂತು ನೋಡಿ ಸುಲೋಚನಮ್ಮನ ಕೂಗು. ಎಂತ ಮಿಷನ್ನೋ ಎಂತದೋ! ನಾವಾಗ್ಲೇ ತೋಟದಲ್ಲಿದೀವಿ. ಎಲ್ಲಿದ್ಯಂತೆ ಆನೆ?"

ಅವಳ ಉಸಿರು, ಹಿಂದೆ ಸೀತಕ್ಕನ ಮುಗಿಯದ ಸುದ್ದಿ, ಎಲ್ಲ ಕಿವಿಗೆ ಬೀಳುತ್ತಿತ್ತು. ಅದು ಬೀಳುತ್ತಲೇ ಇರಲಿ ಎನಿಸಿತು.

"ಹಲೋ? ಇದೀರಾ?"

"ಇದೀನಿ" ಎಂದೆ. "ದಾಟಿ ಹೋಯ್ತು. ಸಂಜೆ ನಾನು ಬಂದು ಕರೆಯೋ ತನಕ ಇಳೀಬೇಡಿ."

ಸುಲೋಚನಮ್ಮ ಫೋಟೊವನ್ನು ಮತ್ತೆ ಮತ್ತೆ ನೋಡಿದರು. ಕಣ್ಣೀರು ಒರೆಸಿಕೊಂಡು, "ನನ್ನ ಬುದ್ಧಿಗೆ ಬೆಂಕಿ ಬೀಳ" ಎಂದರು. ಅವರು ಮಣೆಯ ಮೇಲೆ ಕೂತಿದ್ದ ಮಿಷನ್ನಿಗೆ ಮತ್ತೆ ಗಾಳಿ ಹಾಕತೊಡಗಿದರು. ಸಾಕು, ತಣಿದಿದೆ ಎಂದರೂ ನಿಲ್ಲಿಸಲಿಲ್ಲ.

ಸಂಜೆ ಮೋರಿಯ ಹತ್ತಿರ ಎಲ್ಲರಿಗೂ ಫೋಟೊ ತೋರಿಸಿದೆ. ಜಗತ್ತಿನ ಸುದ್ದಿಯೆಲ್ಲ ಬಾಯಲ್ಲಿರುವ ಸೀತಕ್ಕ ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಅಂಬಿಕಾ ಮಾತ್ರ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ತನ್ನ ಮುಖವನ್ನಲ್ಲ, ಮರಿಯ ಬೆನ್ನ ಮೇಲಿದ್ದ ಸೊಂಡಿಲನ್ನೇ ಬೆರಳಿಂದ ದೊಡ್ಡದು ಮಾಡಿ ಮಾಡಿ ನೋಡಿದಳು.

"ನಾವು ನಗ್ತಾ ಹೋದ್ವಲ್ಲ" ಎಂದಳು, ಅಷ್ಟೇ.

ಮಿಷನ್ ಈಗ ನಡುಮನೆಯ ಕಿಟಕಿಯ ಪಕ್ಕ ಗಾಳಿಗೆ ಕೂತಿದೆ. ನಿಶ್ಚಿತಾ ದಿನಾ ಬೆಳಗಿನ ಜಾವವೇ ಎದ್ದು ಆ ಕಪ್ಪು ಪರದೆಯಲ್ಲಿ ಅದರ ಬಿಸಿ, ವೇಗ, ಸಾಲು ನೋಡಿ ನನಗೆ ಸಂದೇಶ ಹಾಕುತ್ತಾಳೆ. ಆ ಸಂದೇಶ ಬರದೆ ನಾನು ಜೀಪು ಹೊರಡಿಸುವುದಿಲ್ಲ. ಸುಮ್ಮನಿರುವ ಫೋನನ್ನು ನಾವು ಈಗ ನಂಬುವುದಿಲ್ಲ. ನೋಡಿದ್ದೇನೆ, ಖಾಲಿ ಇದೆ ಎಂದು ಅದು ಬಾಯಿಬಿಟ್ಟು ಹೇಳಬೇಕು.

ಮೊನ್ನೆ ಹೆಂಗಸರು ಮೋರಿಯ ಹತ್ತಿರ ಇಳಿಯುತ್ತಿದ್ದಾಗಲೇ ಎಲ್ಲರ ಫೋನೂ ಒಟ್ಟಿಗೆ ಕೂಗಿದವು. ಆನೆ ಬಂದಿದೆ ಮಾರಾಯ್ರೆ. ಎಲ್ಲರೂ ಅಲ್ಲೇ ನಿಂತರು. ಬಿಸಿಲು ಆಗತಾನೆ ದಿಬ್ಬದ ಮೇಲೆ ಬಿದ್ದಿತ್ತು. ಕೆಳಗೆ ಹಳ್ಳದಲ್ಲಿ ಬಿದಿರು ಮುರಿಯುವ ಸದ್ದು, ನೀರು ಚೆಲ್ಲಾಡುವ ಸದ್ದು, ನಡುವೆ ಮರಿಯ ಸಣ್ಣ ಕೂಗು. ಹೊತ್ತಾಯಿತು. ಮೇಸ್ತ್ರಿ ಬೈಯುತ್ತಾನೆ, ಹಿಂದಿನ ವಾರದ ಹಾಗೆ ಪಟಾಕಿ ಹೊಡೆದು ಓಡಿಸೋಣ ಎಂದು ನಾನು ಜೀಪಿನ ಸೀಟಿನ ಕೆಳಗೆ ಕೈ ಹಾಕಿದೆ.

ಅಂಬಿಕಾ ನನ್ನ ತೋಳು ಹಿಡಿದಳು.

"ಬೇಡ. ಮರಿ ಇದೆ" ಎಂದಳು. "ಅವತ್ತು ಅದು ನಾವು ಹೋಗೋ ತನಕ ಕಾದಿತ್ತಲ್ಲ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಹೆಂಗಸರು ಒಬ್ಬೊಬ್ಬರಾಗಿ ಮೋರಿಯ ಕಟ್ಟೆಯ ಮೇಲೆ ಕೂತರು. ಸದ್ದು ಹಳ್ಳ ದಾಟಿ, ಆಚೆ ಕಾಡಿನಲ್ಲಿ ದೂರವಾಗಿ, ಕೇಳದಾಗುವ ತನಕ ಯಾರೂ ಮಾತನಾಡಲಿಲ್ಲ.